ಗ್ರೀಸು ಹಚ್ಚಿದ ಲೆನ್ಸು ಮತ್ತು ಹೆಬ್ಬಾತಿನ ಸ್ವಂತ ಮನೆ

ಲಗ್ಗೆರೆ

ನಾವು ಫಾರಿನ್ನಿಗೆ ಹೋಗಿಬಂದದ್ದು ಎಣ್ಣೆಯ ದೆಸೆಯಿಂದ. ಪೀಣ್ಯ ಎರಡನೇ ಹಂತದಲ್ಲಿ ನಮ್ಮ ಯಜಮಾನರದು ಕಬ್ಬಿಣ ಕಡೆಯುವ ನಾಲ್ಕು ಲೇತುಗಳ ಸಣ್ಣ ಶೆಡ್ಡು. ಲೇತಿಗೆ ಕಟಿಂಗ್ ಆಯಿಲ್ ಕೊಡುವ ಡೀಲರು ಪ್ರತಿ ವರ್ಷ ಒಂದು ಸ್ಕೀಮು ಹಾಕುತ್ತಾರೆ. ಹೆಚ್ಚು ಬ್ಯಾರಲ್ ತೆಗೆದುಕೊಂಡವರಿಗೆ ಉಡುಗೊರೆ. ಒಂದು ವರ್ಷ ಗೋಡೆ ಗಡಿಯಾರ ಬಂದಿತ್ತು, ಇನ್ನೊಂದು ವರ್ಷ ಟ್ರಾಲಿ ಬ್ಯಾಗು. ಈ ಸಲ ಆರ್ಡರುಗಳು ಚೆನ್ನಾಗಿದ್ದವು, ಗಂಡಹೆಂಡತಿ ಇಬ್ಬರಿಗೂ ಕಿರ್ಗಿಸ್ತಾನವೇ ಬಂದುಬಿಟ್ಟಿತು. ಅಟ್ಟದ ಮೇಲಿದ್ದ ಟ್ರಾಲಿ ಬ್ಯಾಗು ಕೊನೆಗೂ ಕೆಳಗಿಳಿಯಿತು.

"ಕಿರ್ಗಿಸ್ತಾನ ಎಲ್ಲಿ ಬರುತ್ತೆ ರೀ?" ಎಂದು ಕೇಳಿದೆ.

"ಡೆಲ್ಲಿ ದಾಟಿದ್ಮೇಲೆ," ಎಂದರು ಇವರು, ಯಶವಂತಪುರ ದಾಟಿದ ಮೇಲೆ ಎಂದಷ್ಟೇ ಸಲೀಸಾಗಿ.

ನನಗೆ ಉತ್ತರ ಸಿಕ್ಕಿದ್ದು ಭಾನುವಾರದ ಗುಂಪಿನಲ್ಲಿ. ಭಾನುವಾರ ಬೆಳಗ್ಗೆ ನಾಗಸಂದ್ರ ಮೆಟ್ರೋ ಸ್ಟೇಷನ್ನಿನ ಕೆಳಗೆ ಸೇರಿ, ಸುತ್ತಲಿನ ಕೆರೆಗಳಿಗೆ ಹಕ್ಕಿ ನೋಡಲು ಹೋಗುವವರು ನಾವು ಏಳೆಂಟು ಜನ. ಗುಂಪಿನ ಹಿರಿಯರಾದ ಮೇಷ್ಟ್ರು ಹೊಸ ಕ್ಯಾಮೆರಾ ಕೊಂಡಾಗ ಹಳೆಯದನ್ನು ನನಗೆ ದಾಟಿಸಿದ್ದರು. ಅವರೇ ಹೇಳಿದರು: "ಕಿರ್ಗಿಸ್ತಾನಕ್ಕಾ? ಅಲ್ಲಿ ಬೆಟ್ಟದ ಮೇಲೆ ಸೊಂಗ್ ಕುಲ್ ಅಂತ ಒಂದು ದೊಡ್ಡ ಸರೋವರ ಇದೆ ಕಣಮ್ಮ. ಪಟ್ಟೆತಲೆ ಹೆಬ್ಬಾತು ಅಲ್ಲೆಲ್ಲ ಮರಿ ಮಾಡುತ್ತೆ."

ಆ ಮಾತನ್ನು ಮನೆಗೆ ಬಂದು ಮಲ್ಲವ್ವನಿಗೆ ಹೇಳಿದ್ದೇ ತಡ, ಪ್ರವಾಸದ ಗುರಿಯೇ ಬದಲಾಯಿತು.

ಮಲ್ಲವ್ವ ನಮ್ಮ ಮಹಡಿಯ ಕೋಣೆಯಲ್ಲಿ ಬಾಡಿಗೆಗಿರುವವಳು. ಗದಗದ ಕಡೆಯವಳು, ಗಂಡಹೆಂಡತಿ ಇಬ್ಬರೂ ಪೀಣ್ಯದ ಫ್ಯಾಕ್ಟರಿಗಳಿಗೆ ಹೋಗುತ್ತಾರೆ. ಅವಳ ಊರಿನ ಕೆರೆಗೆ ಪ್ರತಿ ಚಳಿಗಾಲ ಈ ಹೆಬ್ಬಾತುಗಳು ಹಿಂಡುಹಿಂಡಾಗಿ ಬರುತ್ತವೆ. ಬೂದು ಮೈ, ಬಿಳಿ ತಲೆ, ತಲೆಯ ಹಿಂದೆ ಕಾಡಿಗೆಯಲ್ಲಿ ಎಳೆದಂತೆ ಎರಡು ಪಟ್ಟೆ. ಹಗಲೆಲ್ಲ ನೀರಿನ ಮೇಲೆ ತೂಕಡಿಸಿ, ಕತ್ತಲಾದ ಮೇಲೆ ಹೊಲಕ್ಕಿಳಿದು ಶೇಂಗಾ ಹೆಕ್ಕುತ್ತವಂತೆ. ಕೆರೆ ಏರಿಯ ಮೇಲೆ ಎಮ್ಮೆ ಮೇಯಿಸುವ ಅವಳ ಅಣ್ಣ ಫಕೀರಪ್ಪನಿಗೂ ಅವಳಿಗೂ ಈ ಬಾತುಗಳ ಬಗ್ಗೆ ಬಹಳ ವರ್ಷದ ವ್ಯಾಜ್ಯ. ಭಾನುವಾರ ಅವಳು ಮೆಟ್ಟಿಲ ಮೇಲೆ ಕೂತು, ಸ್ಪೀಕರ್ ಹಾಕಿ ಅಣ್ಣನೊಡನೆ ಮಾತಾಡುತ್ತಾಳೆ. ಕೆಳಗೆ ಹುರುಳಿಕಾಯಿ ಹೆಚ್ಚುತ್ತಾ ನಾನೂ ಕೇಳುತ್ತೇನೆ.

"ಏ ಹುಚ್ಚಿ, ಅವು ನಮ್ಮ ಕೆರಿವ. ನಮ್ಮ ಶೇಂಗಾ ತಿಂದ ಬೆಳದಾವ. ಬ್ಯಾಸಗ್ಯಾಗ ನೀರ ಕಮ್ಮಿ ಆಗತೈತಿ ಅಂತ ಎಲ್ಲೋ ತಿರಗ್ಯಾಡಿ ಬರ್ತಾವ."

"ಹಂಗಾರ ಒಂದರೆ ತತ್ತಿ ನೋಡೀಯೇನ ನೀ? ಒಂದರೆ ಮರಿ? ತತ್ತಿ ಇಡದ್ದು ಸ್ವಂತ ಮನಿ ಹೆಂಗಾಗತೈತಿ?"

"ನಾ ಎಮ್ಮಿ ಕಾಯಲೋ, ಬಾತಿನ ಬಾಣಂತನಾ ಮಾಡಲೋ!"

ನಾವು ಹೊರಡುವ ಸುದ್ದಿ ಕೇಳಿ ಮಲ್ಲವ್ವ ನನ್ನ ಎರಡೂ ಕೈ ಹಿಡಿದುಕೊಂಡಳು. "ಅಕ್ಕಾರ, ಮರಿ ಸಮೇತ ಒಂದ ಫೋಟೋ ತರ್ರಿ. ಬ್ಯಾರೆ ಏನೂ ಬ್ಯಾಡ. ಊರ ಚಾದಂಗಡ್ಯಾಗ ಕುಂತು ನನ್ನ ಹುಚ್ಚಿ ಅಂತಾನ. ಅವನ ಬಾಯಿ ಮುಚ್ಚಬೇಕು."

ತರುತ್ತೇನೆ ಎಂದು ಮಾತು ಕೊಟ್ಟೆ. ಆ ಮಾತಿನ ಮೇಲೆ ಗ್ರೀಸು ಬಿದ್ದದ್ದು ಮಾರನೇ ದಿನ.

ನನ್ನ ಜೂಮ್ ಲೆನ್ಸು ರುಬ್ಬುಗುಂಡಿನಷ್ಟು ಉದ್ದ, ಹೆಚ್ಚುಕಡಿಮೆ ಅಷ್ಟೇ ಭಾರ. ಅದರ ಉಂಗುರ ತಿರುಗಿಸಿದರೆ ದೂರದ್ದು ಹತ್ತಿರ ಬರುತ್ತದೆ. ಹಳೆಯದಾದ್ದರಿಂದ ಉಂಗುರ ಸ್ವಲ್ಪ ಬಿಗಿ. ತಿರುಗುವ ವಸ್ತುವೊಂದು ಬಿಗಿಯಾಗಿರುವುದನ್ನು ನೋಡಿಕೊಂಡು ಪೀಣ್ಯದ ಗಂಡಸರು ಸುಮ್ಮನಿರಲಾರರು. ಬಾಗಿಲ ಕೀಲು, ಶಾವಿಗೆ ಒರಳು, ಪಕ್ಕದ ಮನೆಯವರ ಗೇಟು, ಎಲ್ಲಕ್ಕೂ ನಮ್ಮವರ ಎಣ್ಣೆ ತಾಗಿದೆ. ನಾನು ಚಟ್ನಿಪುಡಿ ಕಟ್ಟುತ್ತಿರುವಾಗ ಬಂದು ಲೆನ್ಸನ್ನು ಕೈಗಿಟ್ಟರು.

"ತಿರುಗಿಸಿ ನೋಡು."

ತಿರುಗಿಸಿದೆ. ಬೆಣ್ಣೆಯಲ್ಲಿ ಬೆರಳು ಆಡಿದ ಹಾಗೆ ತಿರುಗಿತು. ನಾನೂ ಬಾಯ್ತುಂಬ ಹೊಗಳಿದೆ, ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಬಿಶ್ಕೆಕ್

ಒಂದು ಬಸ್ಸಿನ ತುಂಬ ಪೀಣ್ಯದ ದಂಪತಿಗಳು. ಗಂಡಸರು ಕಿಟಕಿಯಾಚೆಯ ಹಿಮದ ಬೆಟ್ಟಗಳನ್ನು ನೋಡುತ್ತಾ ಜಿಎಸ್‌ಟಿ ಮಾತಾಡಿದರು, ಹೆಂಗಸರು ಪುಳಿಯೋಗರೆ ಗೊಜ್ಜಿನ ಡಬ್ಬಿ ದಾಟಿಸಿಕೊಂಡರು. ಆ ಊರಿನ ರಸ್ತೆಗಳ ಅಂಚಿನಲ್ಲಿ ಮೊಳದಗಲದ ಕಾಲುವೆಗಳಿವೆ; ಬೆಟ್ಟದ ನೀರು ಮರಗಳ ಬುಡ ನೆನೆಸುತ್ತಾ ಓಡುತ್ತದೆ. ಇವರು ಬಸ್ಸಿಳಿದವರೇ ಒಂದು ಕಾಲುವೆಗೆ ಕೈ ಹಾಕಿ, ಕೈಯನ್ನು ಮೂಸಿ ನೋಡಿದರು.

"ಏನೂ ವಾಸನೆ ಇಲ್ಲ ಕಣೇ," ಎಂದರು, ನಂಬಲಾಗದವರಂತೆ. ನಮ್ಮ ಶೆಡ್ಡಿನ ಮುಂದಿನ ಮೋರಿಯ ಜೊತೆ ಇಷ್ಟು ವರ್ಷ ಬಾಳಿದ ಮನುಷ್ಯ, ಪಾಪ.

ಮೂರನೇ ದಿನದ ಪಟ್ಟಿಯಲ್ಲಿ ಇದ್ದದ್ದು "ವಿಶ್ರಾಂತಿ ಮತ್ತು ಶಾಪಿಂಗ್". ನಾಲ್ಕನೇ ದಿನ ಸಂಜೆ ಏಳಕ್ಕೆ ಡೀಲರ ಊಟ, ವೇದಿಕೆಯ ಮೇಲೆ ಎಲ್ಲರಿಗೂ ಶಾಲು. ಮಧ್ಯದ ಒಂದೂವರೆ ದಿನ ನನಗೆ ಬೇಕು ಎಂದೆ. ಇವರು ತಲೆ ಕೆರೆದುಕೊಂಡರು.

"ಶಾಲು ಹೊದಿಸೋ ಹೊತ್ಗೆ ವಾಪಸ್ ಇರ್ಬೇಕು. ಹೆಸರು ಕೂಗಿ ನಾವಿಲ್ಲ ಅಂದ್ರೆ ಮುಂದಿನ ವರ್ಷ ಮತ್ತೆ ಗಡಿಯಾರನೇ."

"ಇರೋಣ. ಮಲ್ಲವ್ವಂಗೆ ಮಾತು ಕೊಟ್ಟಿದ್ದೀನಿ ರೀ."

ಹೋಟೆಲಿನವರು ಜೀಪು ಗೊತ್ತುಮಾಡಿಕೊಟ್ಟರು. ಓಡಿಸುವವನ ಹೆಸರು ಬಕಿತ್. ನಮ್ಮದೇ ವಯಸ್ಸು, ನಕ್ಕರೆ ಒಂದು ಚಿನ್ನದ ಹಲ್ಲು. ಅವನ ಇಂಗ್ಲಿಷು, ನಮ್ಮ ಇಂಗ್ಲಿಷು ಎರಡೂ ಮುರುಕಲು. ಆದ್ದರಿಂದ ಚೆನ್ನಾಗಿ ಹೊಂದಿಕೊಂಡವು.

ಕೊಚ್ಕೋರ್

ಸೊಂಗ್ ಕುಲ್‌ಗೆ ಹತ್ತುವ ಮುಂಚೆ ಸಿಗುವ ಸಣ್ಣ ಊರು ಇದು. ಒಂದು ಮನೆಯಲ್ಲಿ ಉಳಿದುಕೊಂಡೆವು. ತಟ್ಟೆಯಷ್ಟಗಲದ ಗುಂಡು ಬ್ರೆಡ್ಡು ಕೊಟ್ಟರು. ನಾನು ತುಂಡು ಮುರಿದುಕೊಂಡು, ನಮ್ಮಲ್ಲಿ ರೊಟ್ಟಿ ಮಗುಚಿಡುವ ಹಾಗೆ ಉಳಿದದ್ದನ್ನು ಮಗುಚಿ ಇಟ್ಟೆ. ಬಕಿತ್ ಮಾತಿನ ಮಧ್ಯೆಯೇ ಕೈ ಚಾಚಿ ಅದನ್ನು ಮೇಲ್ಮೊಗ ಮಾಡಿದ. ಸ್ವಲ್ಪ ಹೊತ್ತಿಗೆ ಮರೆತು ಮತ್ತೆ ಮಗುಚಿದೆ. ಮತ್ತೆ ತಿರುಗಿಸಿದ. ಮೂರನೇ ಸಲ ಮನೆಯೊಡತಿಗೆ ತಡೆಯಲಾಗಲಿಲ್ಲ. ಅನ್ನ ಬೆನ್ನು ತೋರಿಸಿ ಮಲಗಬಾರದು ಎಂದು ಬಕಿತ್‌ನ ಬಾಯಲ್ಲಿ ಹೇಳಿಸಿದಳು. ನನಗೆ ನಾಚಿಕೆಯಾಯಿತು, ಹಿತವೂ ಆಯಿತು. ಅಕ್ಕಿ ಕಾಲಿಗೆ ಸಿಕ್ಕರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಮನೆಯಿಂದ ಬಂದವಳಲ್ಲವೇ ನಾನೂ.

ಮಲಗುವ ಮುಂಚೆ ಇವರು ಲೆನ್ಸನ್ನು ಒರೆಸಿ ಇಡುವುದನ್ನು ಕಂಡೆ. ಒರೆಸುತ್ತಿದ್ದಾರೆ ಎಂದೇ ಅಂದುಕೊಂಡೆ.

ಮೇಲಿನ ದಾರಿ

ಬೆಳಗಿನ ನಾಲ್ಕಕ್ಕೆ ಹೊರಟೆವು. ಜೂನ್ ಮೊದಲ ವಾರ. ನಮ್ಮಲ್ಲಿ ಮಕ್ಕಳ ಬೂಟಿಗೆ ಕೆಸರು ಹತ್ತುವ ಕಾಲ. ಅಷ್ಟೆತ್ತರದಲ್ಲಿ ಆಗಷ್ಟೇ ವಸಂತ. ನಾನು ಸೀರೆಯ ಮೇಲೆ ಎರಡು ಸ್ವೆಟರು, ಇವರು ಮಂಕಿ ಕ್ಯಾಪು.

ಬೆಳಕು ಹರಿಯುತ್ತಿದ್ದ ಹಾಗೆ ಕಣಿವೆ ತೆರೆದುಕೊಂಡಿತು. ಅದನ್ನು ಹೇಗೆ ಹೇಳಲಿ? ತುಮಕೂರು ರಸ್ತೆಯಲ್ಲಿ ಎಲ್ಲಿ ನಿಂತರೂ ಕಣ್ಣಿಗೆ ಏನಾದರೂ ಅಡ್ಡ ಬರುತ್ತದೆ: ಫ್ಲೈಓವರು, ಬೋರ್ಡು, ಲಾರಿಯ ಹಿಂಬದಿ. ಇಲ್ಲಿ ನೋಟಕ್ಕೆ ಅಡ್ಡವೇ ಇಲ್ಲ. ನೆಲವೆಲ್ಲ ಹಳದಿ ಹೂ, ಅದರ ಆಚೆ ಹಿಮ, ಹಿಮದ ತುದಿಗೆ ಹಲ್ವಾದ ಬಣ್ಣದ ಬಿಸಿಲು. ದಾರಿ ಪಕ್ಕದ ಬಿಲಗಳಿಂದ ಬೆಕ್ಕಿನಷ್ಟು ದಪ್ಪದ, ಅಳಿಲಿನ ದೊಡ್ಡಣ್ಣನಂಥ ಪ್ರಾಣಿಗಳು ಎದ್ದು, ಎದೆಗೆ ಕೈಕಟ್ಟಿ ನಿಂತು ನಮ್ಮನ್ನು ನೋಡಿದವು. ಮಾರ್ಮಟ್ ಎಂದ ಬಕಿತ್. ಒಂದು ಶಿಳ್ಳೆ ಹೊಡೆದರೆ ಸಾಕು, ಎಲ್ಲವೂ ಮಾಯ.

"ನಿಲ್ಸಿ, ನಿಲ್ಸಿ!" ಎಂದು ಕನ್ನಡದಲ್ಲೇ ಕೂಗುತ್ತಿದ್ದೆ. ಬಕಿತ್‌ಗೆ ಮೂರನೇ ಸಲಕ್ಕೇ ಆ ಪದ ಬಂದುಬಿಟ್ಟಿತು. ಆಮೇಲೆ ಕುದುರೆಮರಿ ಕಂಡರೆ ಅವನೇ "ನಿಲ್ಸಿ!" ಎಂದು ಬ್ರೇಕು ಒತ್ತುತ್ತಿದ್ದ. ತಾಯಿಯ ಹೊಟ್ಟೆಯಡಿ ನುಸುಳುವ ಮರಿ, ಹಿಮದ ಅಂಚಿನಲ್ಲಿ ಚಮರೀಮೃಗ, ತಲೆಯ ಮೇಲೆ ಒಂದು ಹದ್ದು. ಗಾಡಿಯಲ್ಲಿ ಹೀಟರು ಬಿಸಿಯಾಗಿತ್ತು, ಕಿಟಕಿಯಿಂದಲೇ ತೆಗೆಯುತ್ತಿದ್ದೆ, ಉಂಗುರ ಬೆಣ್ಣೆಯಂತೆ ತಿರುಗುತ್ತಿತ್ತು. ಇವರು ಪ್ರತಿ ಫೋಟೋಗೂ "ನೋಡ್ದಾ, ಹೆಂಗೆ ತಿರುಗ್ತಿದೆ" ಎಂದು ನನ್ನನ್ನಲ್ಲ, ಉಂಗುರವನ್ನು ಹೊಗಳಿದರು.

ಸೊಂಗ್ ಕುಲ್

ಕೊನೆಯ ಏರು ಹತ್ತಿ ಇಳಿದರೆ, ಬೆಟ್ಟಗಳು ಅಂಗೈ ಮಾಡಿ ಹಿಡಿದಂತೆ ಸರೋವರ. ಏಳು ಗಂಟೆ. ಮುಖಕ್ಕೆ ಸೂಜಿ ಚುಚ್ಚುವ ಗಾಳಿ. ಮಧ್ಯಾಹ್ನಕ್ಕೆ ಮೋಡ ಕಟ್ಟಿದರೆ ದಾರಿ ಕೆಡುತ್ತದೆ, ಒಂಬತ್ತೂವರೆಗೆ ಹೊರಡಲೇಬೇಕು ಎಂದ ಬಕಿತ್. ಎರಡೂವರೆ ಗಂಟೆ. ಧಾರಾಳ.

ದಡಗುಂಟ ನಡೆದೆವು. ಅರ್ಧ ಗಂಟೆ ಏನೂ ಇಲ್ಲ. ಮಲ್ಲವ್ವನಿಗೆ ಏನು ಹೇಳುವುದು ಎಂಬ ಅಳುಕು ಶುರುವಾಗಿತ್ತು. ಆಗ ಇವರು ನನ್ನ ಸ್ವೆಟರು ಎಳೆದರು.

"ಜಯಾ. ಅಲ್ಲಿ. ಬಿಳೀ ತಲೆ."

ದೂರದ ಹುಲ್ಲುಗಡ್ಡೆಯ ಮೇಲೆ ಎರಡು ಹೆಬ್ಬಾತು. ದುರ್ಬೀನಿನಲ್ಲಿ ನೋಡಿದೆ: ತಲೆಯ ಹಿಂದೆ ಎರಡು ಪಟ್ಟೆ. ಅವುಗಳ ಕಾಲಬುಡದಲ್ಲಿ ಹಳದಿ ಹತ್ತಿಯ ಉಂಡೆಗಳು ಉರುಳುತ್ತಿದ್ದವು. ಒಂದು, ಎರಡು, ಮೂರು, ನಾಲ್ಕು. ಮರಿ! ಕ್ಯಾಮೆರಾ ಎತ್ತಿದೆ. ಉಂಗುರ ತಿರುಗಿಸಿದೆ.

ತಿರುಗಲಿಲ್ಲ.

ಕೈಗವಸು ತೆಗೆದು ತಿರುಗಿಸಿದೆ. ಇಲ್ಲ. ಕ್ಯಾಮೆರಾದ ಕಿಂಡಿಯಲ್ಲಿ ಇಡೀ ಸರೋವರ, ಇಡೀ ಬೆಟ್ಟ. ಹೆಬ್ಬಾತುಗಳು ಎರಡು ಸಾಸಿವೆ ಕಾಳು.

"ಕೊಡು ಇಲ್ಲಿ," ಎಂದು ಇವರು ಕೈ ಹಾಕಿದರು. ಮುಖ ಕೆಂಪಾಗುವ ಹಾಗೆ ತಿರುಚಿದರು.

"ಬಿಡ್ರೀ, ಮುರಿದು ಹೋದೀತು!"

ಬಿಟ್ಟರು. ಅವರ ಬೆರಳಿಗೆ ಗಟ್ಟಿ ಗ್ರೀಸು ಹತ್ತಿತ್ತು.

"ಎಷ್ಟು ಹಚ್ಚಿದ್ರಿ?" ಎಂದು ಕೇಳಿದೆ.

"ಒಂದು ಕೋಟು." ಆಮೇಲೆ ಮೆಲ್ಲಗೆ, "ರಾತ್ರಿ ಇನ್ನೊಂದು."

"ಎರಡನೇದು ಯಾಕೆ?"

"ಫಾರಿನ್‌ನಲ್ಲಿ ಕೈ ಕೊಡಬಾರ್ದು ಅಂತ."

ಮೂವತ್ತು ವರ್ಷದ ಸಂಸಾರದಲ್ಲಿ ಇಂಥ ಹೊತ್ತು ಕೆಲವು ಬರುತ್ತವೆ. ಬೈದರೆ ಬಾತು ಹಾರಿಹೋಗುತ್ತದೆ ಎಂಬ ಒಂದೇ ಕಾರಣಕ್ಕೆ ಸುಮ್ಮನಿದ್ದೆ.

ಕಂಬಳಿಯ ಡೇರೆ

ಬಕಿತ್ ನಮ್ಮ ಮುಖ ನೋಡಿದ. ಹತ್ತಿರದಲ್ಲೇ ಕುರಿ ಕಾಯುವವರ ಗುಂಡು ಡೇರೆಯೊಂದಿತ್ತು, ದಪ್ಪ ಕಂಬಳಿ ಹೊದಿಸಿದ್ದು. ಮೊದಲು ಚಹಾ ಎಂದು ಅಲ್ಲಿಗೆ ನಡೆಸಿಕೊಂಡು ಹೋದ. ಒಳಗೆ ಬೆರಣಿಯ ಒಲೆ. ಕೆನ್ನೆ ಕೆಂಪಗಿನ ಹೆಂಗಸೊಬ್ಬಳು ಗುರುತು ಪರಿಚಯ ಕೇಳದೆ ಜಾಗ ಮಾಡಿಕೊಟ್ಟಳು. ಬಟ್ಟಲಿಗೆ ಅರ್ಧವೇ ಚಹಾ ಹಾಕಿದಳು. ಇವರು ಇಣುಕಿ ನೋಡಿದರು.

"ಇಲ್ಲೂ ಬೈಟು ನಾ?"

ಆಮೇಲೆ ಬಕಿತ್ ಹೇಳಿದ: ಅರ್ಧ ಹಾಕಿದರೆ ಇನ್ನೂ ಕೂತಿರಿ, ಮತ್ತೆ ಮತ್ತೆ ಬಿಸಿಯಾಗಿ ಕೊಡುತ್ತೇವೆ ಎಂದು ಅರ್ಥ. ತುಂಬಿ ಕೊಟ್ಟರೆ ಕುಡಿದು ಹೊರಡಿ ಎಂದು. ಒಂದನ್ನು ಇಬ್ಬರು ಹಂಚಿಕೊಳ್ಳುವ ಪೀಣ್ಯದ ಬೈಟು ಚಹಾಕ್ಕೆ ಇಂಥ ದೊಡ್ಡ ಅರ್ಥ ಇರಬಹುದೆಂದು ನಾವು ಯಾವತ್ತೂ ಯೋಚಿಸಿರಲಿಲ್ಲ.

ಬ್ರೆಡ್ಡಿಗೆ ಹಚ್ಚಲು ಬೆಣ್ಣೆ ಕೊಟ್ಟಳು. ಕಲ್ಲಾಗಿತ್ತು. ಅವಳು ನಕ್ಕು ಬಟ್ಟಲನ್ನು ಒಲೆಯ ಕಡೆ ಸರಿಸಿದಳು. ಬೆಣ್ಣೆಯ ಅಂಚು ಮೆಲ್ಲಗೆ ಹೊಳೆಯತೊಡಗಿತು. ನಾನು ಬೆಣ್ಣೆ ನೋಡಿದೆ. ಇವರೂ ಬೆಣ್ಣೆ ನೋಡಿದರು. ಆಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಚಳಿಗಾಲದಲ್ಲಿ ತುಪ್ಪ ಹೆಪ್ಪುಗಟ್ಟಿದರೆ ಮಾಡುವುದೇನು? ಅಷ್ಟೇ ತಾನೇ!

ಇವರು ಲೆನ್ಸನ್ನು ಒಲೆಯ ಹತ್ತಿರ ಒಯ್ಯುವಷ್ಟರಲ್ಲಿ ತಡೆದೆ. "ಗಾಜು ರೀ, ಸೀಳಿಹೋಗುತ್ತೆ."

ಅವರು ಲೆನ್ಸನ್ನು ಕ್ಯಾಮೆರಾದಿಂದ ಕಳಚಿದರು. ಆಮೇಲೆ ಸ್ವೆಟರಿನ ಗುಂಡಿ ಬಿಚ್ಚಿ, ಲೆನ್ಸನ್ನು ಅಂಗಿಯೊಳಗೆ ಎದೆಗವಚಿ ಇಟ್ಟುಕೊಂಡು, ಮೇಲೆ ಕಂಬಳಿ ಹೊದ್ದು ಕೂತರು. ತಣ್ಣನೆಯ ಲೋಹ ಎದೆಗೆ ತಾಗಿದಾಗ "ಅಯ್ಯಪ್ಪಾ" ಎಂದರು. ಕಾವಿಗೆ ಕೂತ ಕೋಳಿಯ ಹಾಗೆ ಅಲ್ಲಾಡದೆ ಕೂತರು. ಡೇರೆಯ ಹೆಂಗಸು ಏನೋ ಅಂದಳು. ಹಿಮದಲ್ಲಿ ಹುಟ್ಟಿದ ಕುರಿಮರಿಯನ್ನು ನನ್ನ ಗಂಡನೂ ಹೀಗೇ ಇಟ್ಟುಕೊಳ್ಳುತ್ತಾನೆ ಎಂದಳಂತೆ. ಅರ್ಧರ್ಧ ಬಟ್ಟಲಿನಲ್ಲಿ ನಾಲ್ಕು ಸಲ ಚಹಾ ಆಯಿತು. ಎಂಟೂವರೆ. ಒಂಬತ್ತಕ್ಕೆ ಹತ್ತು ನಿಮಿಷ. ಇವರ ಮುಖ ಒಮ್ಮೆಲೇ ಅರಳಿತು.

"ಜಯಾ, ತಿರುಗ್ತು!"

ಲೆನ್ಸನ್ನು ಕ್ಯಾಮೆರಾಕ್ಕೆ ಸಿಕ್ಕಿಸಿಕೊಂಡು ಓಡಿದೆವು. ಸೀರೆ ಎತ್ತಿ ಕಟ್ಟಿ ಹೀಗೆ ಓಡಿದ್ದು ಯಾವ ಕಾಲದಲ್ಲೋ. ಆ ಎತ್ತರದಲ್ಲಿ ಹತ್ತು ಹೆಜ್ಜೆಗೇ ಉಸಿರು ಕಟ್ಟುತ್ತದೆ. ಹೆಬ್ಬಾತುಗಳು ಅಲ್ಲೇ ಇದ್ದವು, ಮರಿಗಳನ್ನು ನೀರಿಗಿಳಿಸುತ್ತಿದ್ದವು. ಒಂದು ಬಂಡೆಯ ಹಿಂದೆ ಮೊಣಕಾಲೂರಿದೆ. ಉಂಗುರ ತಿರುಗಿಸಿದೆ, ತಿರುಗಿತು, ಹೆಬ್ಬಾತು ಹತ್ತಿರ ಬಂತು. ಆದರೆ ಮಬ್ಬು. ಇವರ ಎದೆಯ ಬೆವರಿನ ಆವಿ ಗಾಜಿನ ಮೇಲೆ ಕೂತಿತ್ತು.

"ತಡಿ," ಎಂದು ಇವರು ಜೇಬಿಗೆ ಕೈ ಹಾಕಿದರು. ನಾನು ಬೇಡ ಎನ್ನುವಷ್ಟರಲ್ಲಿ ಗಾಜು ಒರೆಸಿಬಿಟ್ಟಿದ್ದರು.

ಪೀಣ್ಯದಲ್ಲಿ ಲೇತಿನ ಮುಂದೆ ನಿಲ್ಲುವವರ ಜೇಬಿನಲ್ಲಿ ಕರವಸ್ತ್ರ ಇಲ್ಲದಿದ್ದರೂ ಬನಿಯನ್ ವೇಸ್ಟು ಇದ್ದೇ ಇರುತ್ತದೆ. ಕೈಗೆ ಹತ್ತಿದ ಎಣ್ಣೆ ಒರೆಸಿಕೊಳ್ಳುವ ಹಳೇ ಬನಿಯನ್ನಿನ ತುಂಡು. ಅದು ಕಿರ್ಗಿಸ್ತಾನಕ್ಕೂ ಬಂದಿತ್ತು. ರಾತ್ರಿ ಎರಡನೇ ಕೋಟು ಹಚ್ಚಿ ಕೈ ಒರೆಸಿಕೊಂಡದ್ದೂ ಅದರಲ್ಲೇ.

ಗಾಜಿನ ಮೇಲೆ ಗ್ರೀಸಿನ ಮೋಡ ಹರಡಿತು. ಸೆರಗಿನಿಂದ ಒರೆಸಿದರೆ ಇನ್ನಷ್ಟು ಹರಡಿತು. ಇವರು ಕೈಯಲ್ಲಿನ ಬನಿಯನ್ ತುಂಡನ್ನು ನೋಡಿದರು, ನನ್ನನ್ನು ನೋಡಿದರು. ಆ ಮುಖ ಕಂಡು ನನಗೆ ಎಲ್ಲಿಂದಲೋ ನಗು ಬಂತು. ಬಾಯಿಗೆ ಸೆರಗು ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆ. ಇವರೂ ನಕ್ಕರು. ನಗುತ್ತಲೇ ಕ್ಯಾಮೆರಾವನ್ನು ಬಂಡೆಯ ಮೇಲಿಟ್ಟು, ಬಂದಷ್ಟು ಬರಲಿ ಎಂದು ವಿಡಿಯೋ ಒತ್ತಿದೆ.

ಆಗ ಗಂಡು ಹೆಬ್ಬಾತು ಕತ್ತೆತ್ತಿ ಕರೆಯಿತು. ಹೆಣ್ಣು ತಗ್ಗಿದ ದನಿಯಲ್ಲಿ ಉತ್ತರ ಕೊಟ್ಟಿತು. ಗಡಿಬಿಡಿಯಿಲ್ಲದ, ಗೊಗ್ಗರು ದನಿ. ನಾಲ್ಕು ಮರಿಗಳೂ ಸಾಲಾಗಿ ನೀರಿಗಿಳಿದು, ತಾಯಿಯ ಬೆನ್ನ ಹಿಂದೆ ಪುಟ್ಟ ಗೆರೆಗಳನ್ನು ಎಳೆಯುತ್ತಾ ಹೋದವು. ನಾವಿಬ್ಬರೂ ಅಲ್ಲಾಡಲಿಲ್ಲ. ಬಕಿತ್ ಮೇಲಿನಿಂದ ಹಾರ್ನು ಒತ್ತುವವರೆಗೂ.

ಶಾಲಿಗೆ ಸರಿಯಾಗಿ ತಲುಪಿದೆವು. ವೇದಿಕೆಯ ಮೇಲೆ ಡೀಲರು ಇವರನ್ನು ಅಪ್ಪಿಕೊಂಡು, ಆಮೇಲೆ ಗ್ರೀಸು, ಬೆರಣಿ ಹೊಗೆ ಹತ್ತಿದ ತಮ್ಮ ಕೋಟನ್ನು ಮೂಸಿ ನೋಡಿಕೊಂಡರು.

ಮತ್ತೆ ಲಗ್ಗೆರೆ

ಮಲ್ಲವ್ವ ಡ್ಯೂಟಿ ಮುಗಿಸಿ, ಚೀಲವನ್ನೂ ಇಳಿಸದೆ ನಮ್ಮ ಮನೆಗೇ ಬಂದಳು. ಟಿವಿಗೆ ಕ್ಯಾಮೆರಾ ಜೋಡಿಸಿದೆ. ಮಾರ್ಮಟ್, ಕುದುರೆಮರಿ, ಚಮರೀಮೃಗ ಎಲ್ಲ ಫಳಫಳ. ಆಮೇಲೆ ಹೆಬ್ಬಾತು. ಅವಳು ಟಿವಿಯ ಹತ್ತಿರಕ್ಕೆ ಸರಿದು ಕಣ್ಣು ಕಿರಿದು ಮಾಡಿದಳು.

"ಮಂಜ ಬಿದ್ದಿತ್ತೇನ್ರಿ ಅಕ್ಕಾರ?"

ನಾನು ಇವರನ್ನು ನೋಡಿದೆ. ಇವರು ಫ್ಯಾನು ನೋಡಿದರು.

"ಹೂಂ ಕಣಮ್ಮ. ಭಾರೀ ಮಂಜು," ಎಂದೆ ನಾನೇ.

ಬೂದು ಮಬ್ಬಿನಲ್ಲಿ ಎರಡು ದೊಡ್ಡ ನೆರಳು, ನಾಲ್ಕು ಚಿಕ್ಕ ಚುಕ್ಕೆ. ಪಟ್ಟೆ ಇದೆ ಎಂದರೆ ಇದೆ, ಇಲ್ಲ ಎಂದರೆ ಇಲ್ಲ. ಅಣ್ಣ ಇದನ್ನು ಒಪ್ಪುವುದಿಲ್ಲ ಎಂದು ಅವಳು ಬಾಯಿಬಿಟ್ಟು ಹೇಳಲಿಲ್ಲ, ಮುಖವೇ ಹೇಳಿತು. ಅಷ್ಟರಲ್ಲಿ ವಿಡಿಯೋದಲ್ಲಿ ಹೆಬ್ಬಾತುಗಳ ದನಿ ಶುರುವಾಯಿತು. ಮಲ್ಲವ್ವ ನೆಟ್ಟಗಾದಳು. ಚೀಲದಿಂದ ಫೋನು ತೆಗೆದು ಅಣ್ಣನಿಗೆ ಹಚ್ಚಿ, ಟಿವಿಯ ಸ್ಪೀಕರಿಗೆ ಹಿಡಿದಳು.

ದನಿ ಮುಗಿಯಿತು. ಆ ಕಡೆಯಿಂದ ಎಮ್ಮೆಯ ಕೊರಳ ಗಂಟೆ ಕೇಳಿಸಿತು.

"ಇನ್ನೊಮ್ಮೆ ಹಚ್ಚವಾ," ಎಂದ ಫಕೀರಪ್ಪ.

ಇನ್ನೊಮ್ಮೆ ಹಚ್ಚಿದೆವು.

"ನಮ್ಮವ ಅದಾವ. ಖರೇ," ಎಂದ. "ಆದ್ರ ಇಲ್ಲಿ ಇದ್ದಾಗ ಹಿಂಗ ಒದರೂದಿಲ್ಲವಾ ಇವು. ಇಲ್ಲಿ ಎಲ್ಲಾವೂ ಕೂಡಿ, ಸಂತ್ಯಾಗ ನಿಂತಾಂಗ ಒದರತಾವ. ಇದು ಸ್ವಂತ ಮನ್ಯಾಗಿನ ದನಿ ಐತಿ."

ಮಲ್ಲವ್ವ ಗೆದ್ದಿದ್ದಳು. ಕುಣಿದಾಡುತ್ತಾಳೆ ಎಂದುಕೊಂಡಿದ್ದೆ. ಅವಳು ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಹಂಗಂದ್ರ ಅವು ಇನ್ನ ನಮ್ಮವ ಅಲ್ಲೇನಣ್ಣಾ?" ಎಂದಳು.

"ಯಾಂವ ಅಂದ ಹಂಗ? ಶೇಂಗಾ ಯಾರ್ದು ತಿಂದಾವ?" ಫಕೀರಪ್ಪನ ದನಿ ಮತ್ತೆ ಏರಿತು. "ಆ ದೇಶದಾವ್ರಿಗೆ ಹೇಳಂತ ಹೇಳ ನಿಮ್ಮ ಅಕ್ಕಾರಿಗೆ. ಮರೀನ ಚೆಂದಂಗ ಬೆಳಸ್ರಿ, ಕಾರ್ತೀಕದಾಗ ಹೊಳ್ಳಿ ಕಳಸ್ರಿ. ಇಲ್ಲಿ ಹೊಲ ಹಸನ ಮಾಡಿ ಇಟ್ಟಿರ್ತೀನಿ."

ಅಂದೇ ಬಕಿತ್‌ಗೆ ಅದನ್ನು ಇದ್ದ ಇಂಗ್ಲಿಷಿನಲ್ಲಿ ಬರೆದು ಕಳಿಸಿದೆ. ಇವರು ಮೂಲೆಯಲ್ಲಿ ಕೂತು, ಹೊಸ ಹತ್ತಿಯಲ್ಲಿ, ಬರೀ ಹತ್ತಿಯಲ್ಲಿ, ಲೆನ್ಸು ಒರೆಸುತ್ತಿದ್ದರು.